ಗರ್ಭದ ಕೂಸು, ಸಮಾಜದ ಹೊಣೆ

ಹೋದ ತಿಂಗಳು ನನ್ನ ತಮ್ಮನ ಮಗಳು ಫೋನ್ ಮಾಡಿದ್ದಳು. ಅವಳಿಗೆ ಆಗ ಐದನೆಯ ತಿಂಗಳು. "ದೊಡ್ಡಪ್ಪಾ, ಕೂಸಿಗೆ ಡೌನ್ ಸಿಂಡ್ರೋಮ್ ಇರಬಹುದಂತ. ತೆಗೆಸಿದರ ಪಾಪ ಬರ್ತದೇನ್ರಿ?" ಎಂದಳು. ಹಿಂದಿನಿಂದ ಮನೆಯ ಹಿರಿಯರೊಬ್ಬರು "ಯಾವ ಜನ್ಮದ ಕರ್ಮವೋ" ಎಂದದ್ದು ನನಗೂ ಕೇಳಿಸಿತು. ಅಂದು ನಾನು ಸಮಾಧಾನದ ಎರಡು ಮಾತು ಹೇಳಿ ಫೋನ್ ಇಟ್ಟೆ. ಅದು ಉತ್ತರವಾಗಿರಲಿಲ್ಲ. ಉತ್ತರವನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ತಿಳಿಯಬೇಕಾದದ್ದು, 'ಇರಬಹುದು' ಬೇರೆ, 'ಇದೆ' ಬೇರೆ. ನಾನು ಇಂಜಿನಿಯರ್ ಆಗಿದ್ದಾಗ ಸೇತುವೆಯ ಕಾಂಕ್ರೀಟಿಗೆ ಹ್ಯಾಮರ್ ಪರೀಕ್ಷೆ ಮಾಡಿ, ಅಂಕಿ ಕಡಿಮೆ ಬಂದ ಮಾತ್ರಕ್ಕೆ ಕೆಡವಲು ಬರೆಯುತ್ತಿರಲಿಲ್ಲ. ಕೋರ್ ತೆಗೆದು ಮತ್ತೆ ಪರೀಕ್ಷಿಸುತ್ತಿದ್ದೆವು. ಗರ್ಭಿಣಿಯ ರಕ್ತಪರೀಕ್ಷೆಯೂ ಸಂಭವವನ್ನಷ್ಟೇ ಹೇಳುತ್ತದೆ. ಖಚಿತವಾಗಬೇಕಾದರೆ ಗರ್ಭದ ನೀರು ತೆಗೆದು ವರ್ಣತಂತು ನೋಡಬೇಕು. ಅದೂ 21ನೆಯ ವರ್ಣತಂತು ಎರಡರ ಬದಲು ಮೂರಿದೆ ಎಂದು ಹೇಳೀತು. ಆ ಕೂಸು ಎಷ್ಟು ಕಲಿತೀತು, ಹೇಗೆ ಬಾಳೀತು ಎಂದು ಹೇಳಲಾರದು.

ಎಲ್ಲ ದೋಷಗಳೂ ಒಂದೇ ಅಲ್ಲ. ತಲೆಬುರುಡೆ, ಮೆದುಳು ಬೆಳೆಯದ ಕೂಸು ಹುಟ್ಟಿದರೂ ಸಾಮಾನ್ಯವಾಗಿ ಕೆಲವು ಗಂಟೆ, ಕೆಲವು ದಿನ ಮಾತ್ರ ಉಳಿಯುತ್ತದೆ. ಧರ್ಮದ ಹೆಸರಿನಲ್ಲಿ ಆ ತಾಯಿಯನ್ನು ಒಂಬತ್ತು ತಿಂಗಳು ಹೊರು ಎನ್ನುವುದು ದಯೆಯಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮಾತು ಬೇರೆ. ಕೆಲವರಿಗೆ ಹೃದಯದ ತೊಂದರೆ ಇರುತ್ತದೆ, ಕಲಿಕೆ ನಿಧಾನ. ಆದರೆ ಆಸರೆ ಸಿಕ್ಕರೆ ಶಾಲೆಗೆ ಹೋಗುತ್ತಾರೆ, ಬೆಳೆದು ಕಾಯಕವನ್ನೂ ಮಾಡುತ್ತಾರೆ.

1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಕಂಡುಕೊಂಡರೆ 24 ವಾರದ ಮಿತಿಯೂ ಅಡ್ಡಿಯಾಗದು. ವಯಸ್ಕ ಹೆಣ್ಣುಮಗಳಾದರೆ ಅವಳ ಒಪ್ಪಿಗೆ ಸಾಕು. ಗಂಡನ, ಅತ್ತೆಮಾವಂದಿರ ಸಹಿ ಬೇಕಿಲ್ಲ. ಮಾಡಿಸು ಎಂದಾಗಲೀ ಬೇಡ ಎಂದಾಗಲೀ ಅವಳನ್ನು ಬಲವಂತ ಮಾಡುವ ಅಧಿಕಾರ ಮನೆಯವರಿಗಿಲ್ಲ.

ಹೆಣ್ಣು ಭ್ರೂಣಹತ್ಯೆ ತಪ್ಪು ಎನ್ನುವ ನಾವು ಇದನ್ನು ಹೇಗೆ ಒಪ್ಪುವುದು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಹೆಣ್ಣಾಗುವುದರಲ್ಲಿ ಕೊರತೆಯಿಲ್ಲ, ಅಲ್ಲಿರುವ ಕಷ್ಟವೆಲ್ಲ ಸಮಾಜ ಕೊಟ್ಟದ್ದು. ಅಂಗವಿಕಲತೆಯಲ್ಲಿ ಒಂದು ಪಾಲು ಕಷ್ಟ ದೇಹದ್ದು, ಇನ್ನೊಂದು ಪಾಲು ನಮ್ಮದು. ನನ್ನ ತಮ್ಮನ ಮಗಳು ಹೆಚ್ಚು ಅಂಜಿದ್ದು ಈ ಎರಡನೆಯ ಪಾಲಿಗೆ: ನಾವು ಹೋದ ಮೇಲೆ ನೋಡುವವರು ಯಾರು, ಜನ ಏನೆಂದಾರು?

ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಅದರಲ್ಲಿ ಜನನಸೂತಕವೂ ಒಂದು. ಹುಟ್ಟಿಗೆ ಮೈಲಿಗೆಯಿಲ್ಲ ಎಂದವರ ಮಕ್ಕಳಾದ ನಾವು ಕೂಸಿನ ಕೊರತೆಗೆ ಪೂರ್ವಜನ್ಮದ ಲೆಕ್ಕ ತೆಗೆಯುತ್ತೇವೆ. ಅದೂ ಸೂತಕವೇ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರ ಸ್ವಾಮಿಗಳು ಆಸರೆಯಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಎಷ್ಟೋ ಅಂಧ ಮಕ್ಕಳಿಗೆ ಅನ್ನ, ಸಂಗೀತ, ಬದುಕು ಕೊಟ್ಟರು. ಈ ಮಾತನ್ನು ಗರ್ಭಿಣಿಯ ಬಾಯಿ ಮುಚ್ಚಿಸಲು ಬಳಸಬಾರದು. ಸಮಾಜ ಹೆಗಲು ಕೊಟ್ಟರೆ ಏನಾದೀತು ಎಂಬುದಕ್ಕೆ ಅದು ಸಾಕ್ಷಿ.

ಆದ್ದರಿಂದ ಮಠಗಳಿಗೂ ಬಂಧುಗಳಿಗೂ ನನ್ನ ವಿನಂತಿ ಇಷ್ಟು. ಪ್ರವಚನದಲ್ಲಿ ಅಂಗವಿಕಲತೆಗೆ ಕರ್ಮದ ಕಾರಣ ಹೇಳುವುದನ್ನು ಬಿಡೋಣ. ಮಠದ ಶಾಲೆ, ಪ್ರಸಾದನಿಲಯಗಳಲ್ಲಿ ಈ ಮಕ್ಕಳಿಗೆ ಜಾಗ ಕೊಡೋಣ. ಇಂಥ ಮಕ್ಕಳನ್ನು ಸಾಕಿದ ತಂದೆತಾಯಿಯರನ್ನು ಶಿವಾನುಭವ ಗೋಷ್ಠಿಗೆ ಕರೆಸಿ ಅವರ ಮಾತು ಕೇಳೋಣ. ಮಠದ ಮೆಟ್ಟಿಲ ಪಕ್ಕ ಹನ್ನೆರಡು ಅಡಿಗೆ ಒಂದು ಅಡಿ ಏರುವ ಇಳಿಜಾರು ಕಟ್ಟಿಸೋಣ. ನಕ್ಷೆ ನಾನು ಉಚಿತವಾಗಿ ಮಾಡಿಕೊಡುತ್ತೇನೆ.

ನನ್ನ ತಮ್ಮನ ಮಗಳು ಏನು ನಿರ್ಧರಿಸಿದಳೆಂದು ಇಲ್ಲಿ ಬರೆಯುವುದಿಲ್ಲ. ಅದು ಅವಳಿಗೆ ಬಿಟ್ಟದ್ದು. ಹೆತ್ತರೂ, ಹೆರದಿದ್ದರೂ ಅವಳು ನಮ್ಮ ಮನೆಯ ಮಗಳೇ, ಅವಳ ಕೊರಳಿನ ಇಷ್ಟಲಿಂಗಕ್ಕೆ ಯಾವ ಮೈಲಿಗೆಯೂ ಇಲ್ಲ. ಅಂದು ಫೋನಿನಲ್ಲಿ ನಾನು ಹೇಳಬೇಕಾಗಿದ್ದ ಮಾತು ಇದು.