ಸದ್ದಲೇ!

“ಫಿಲಾಸಫಿ ಬಿ.ಎ. ಅಂತ? ಯಾಕ, ಅಕ್ಕಮಹಾದೇವಿ ಆಗಾಕ ಹೊಂಟಾಳೇನು?”

ಹಗರಿಬೊಮ್ಮನಹಳ್ಳಿಯ ಒಂದು ಮದುವೆ ಪಂಕ್ತಿಯಲ್ಲಿ ಹುಡುಗಿಯ ಸೋದರಮಾವ ಹೀಗಂದ. ಇಡೀ ಸಾಲು ನಕ್ಕಿತು. ನಕ್ಕವರಲ್ಲಿ ಕಾಲೇಜು ಮೇಷ್ಟ್ರೊಬ್ಬರೂ ಇದ್ದರು. ನನ್ನ ಹೊಟ್ಟೆ ಉರಿದದ್ದು ಅವರ ನಗೆಗೆ. ಸೆಪ್ಟೆಂಬರ್ 5 ಬಂತೆಂದರೆ ರಾಧಾಕೃಷ್ಣನ್ ಫೋಟೋಕ್ಕೆ ಹಾರ ಹಾಕಿ ಭಾಷಣ ಬಿಗಿಯುವವರು ಇವರೇ. ಆ ಪುಣ್ಯಾತ್ಮ 1918ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಬಂದದ್ದು ಯಾವ ಪಾಠ ಹೇಳುವುದಕ್ಕೆ, ಟ್ಯಾಲಿಯೋ?

ಫಿಲಾಸಫಿ ಓದಿದರೆ ಅನ್ನ ಹುಟ್ಟುವುದಿಲ್ಲವಂತೆ. ಸರಿ, ಅನ್ನದ ಲೆಕ್ಕವನ್ನೇ ಹಾಕೋಣ. ಮೆಕ್ಕೆಜೋಳ ಮಾರಿದ ದುಡ್ಡನ್ನು ಧಾರವಾಡದ ಕೋಚಿಂಗಿಗೆ ಕಟ್ಟುತ್ತೀರಲ್ಲ, ಆ ಐಎಎಸ್ ಮುಖ್ಯ ಪರೀಕ್ಷೆಯ ಲಿಖಿತ ಅಂಕ 1750. ಅದರಲ್ಲಿ 2013ರಿಂದ ನೀತಿಶಾಸ್ತ್ರದ ಪತ್ರಿಕೆಗೆ 250. ತತ್ವಶಾಸ್ತ್ರವನ್ನೇ ಐಚ್ಛಿಕವಾಗಿ ತೆಗೆದುಕೊಂಡರೆ ಇನ್ನೂ 500. ಒಟ್ಟು 750. ಕಾಲೇಜಿನಲ್ಲಿ ಮೂರು ವರ್ಷ ಕೂತು ಓದಬಹುದಾದದ್ದನ್ನು ಬೇಡವೆಂದು ತಳ್ಳಿ, ಆಮೇಲೆ ಕೋಚಿಂಗಿನಲ್ಲಿ ನಾಲ್ಕೇ ತಿಂಗಳಲ್ಲಿ ನೋಟ್ಸು ಜೆರಾಕ್ಸ್ ಮಾಡಿಸಿ ಉರು ಹೊಡೆಸುವುದು! ಏಳುನೂರ ಐವತ್ತು ಅಂಕ ಸ್ವಾಮಿ, ಹೂವಿನಹಡಗಲಿಯ ಮಲ್ಲಿಗೆ ಮೊಳವಲ್ಲ.

ಇದು ಅವರ ಭಾಷೆಯಲ್ಲಿ ಅವರಿಗೆ ಕೊಟ್ಟ ಉತ್ತರ. ನನ್ನ ಸಿಟ್ಟಿಗೆ ಕಾರಣ ಬೇರೆ.

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದೊಡನೆ ಡೆಂಕಣ ಮರಡಿಯಲ್ಲಿ ನೆರೆದ ಜನವೆಲ್ಲ ಗಪ್‌ಚುಪ್. ಒಂದೇ ಸಾಲು ಕಾರಣಿಕ ನುಡಿದು ಆತ ಮೇಲಿಂದ ಬೀಳುತ್ತಾನೆ. ಆಮೇಲೆ ನೋಡಿ, ಹಡಗಲಿಯಿಂದ ಕೂಡ್ಲಿಗಿಯವರೆಗೆ ಚಹಾದಂಗಡಿಗಳಲ್ಲಿ ಒಂದೇ ವಿಚಾರ. ನುಡಿದದ್ದು ಮಳೆಗೋ, ಸರ್ಕಾರಕ್ಕೋ? ಮಾತಿಗೆ ಅರ್ಥ ಬರುವುದು ಆಡಿದವನಿಂದಲೋ, ಕೇಳಿದವನಿಂದಲೋ? ನಿರಕ್ಷರಿ ಮುದುಕ ಬೀಡಿ ಸೇದುತ್ತ ನಡೆಸುವ ಈ ವಾದವೇ ತತ್ವಶಾಸ್ತ್ರ. ಅದನ್ನೇ ಅವನ ಮೊಮ್ಮಗಳು ಪದವಿಗೆ ಓದುತ್ತೇನೆಂದರೆ ಹುಚ್ಚು. ಇನ್ನು ಹರಪನಹಳ್ಳಿ. ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. “ನಾನು ಯಾರು” ಎಂದು ಇಷ್ಟು ಸಲ ಕೇಳಿಕೊಂಡ ತಾಲ್ಲೂಕು ಇನ್ನೊಂದಿರಲಾರದು!

ಕೊಟ್ಟೂರು ಸೀಮೆಯ ಉಜ್ಜಿನಿ ವೀರಶೈವ ಪಂಚಪೀಠಗಳಲ್ಲೊಂದು. ಅಂಥ ಸೀಮೆಯಲ್ಲೂ 2018ರಲ್ಲಿ ಲಿಂಗಾಯತವೋ ವೀರಶೈವವೋ ಎಂದು ಅಣ್ಣತಮ್ಮಂದಿರೇ ಮುಖ ತಿರುಗಿಸಿಕೊಂಡರು. ಷಟ್‌ಸ್ಥಲ ಎಂದರೇನು, ಶಕ್ತಿವಿಶಿಷ್ಟಾದ್ವೈತ ಎಂದರೇನು ಎಂಬುದನ್ನು ಆಗ ಗಂಟಲು ಹರಿದುಕೊಂಡವರಲ್ಲಿ ಎಷ್ಟು ಜನ ಓದಿದ್ದರು? ಬ್ಯಾನರ್ ಕಟ್ಟಿದ್ದರು, ಅಷ್ಟೇ.

ನಮಗೆ ತತ್ವ ಬೇಡವೆಂದಲ್ಲ. ಶ್ರಾವಣ ಪೂರ್ತಿ ಪ್ರವಚನ ಬೇಕು, ಪೆಂಡಾಲು ಬೇಕು, ಕೊನೆಗೆ ದಾಸೋಹ ಬೇಕು. ಆದರೆ ಕೈಮುಗಿದು ಕೇಳಬೇಕು, ತಿರುಗಿ ಕೇಳಬಾರದು. ತಿರುಗಿ ಕೇಳಿದ್ದಕ್ಕೇ ಅಂಕ ಕೊಡುವ ಪದವಿ ಇದೊಂದೇ, ಅದಕ್ಕೇ ಇದರ ಮೇಲೆ ಇಷ್ಟು ಕುಹಕ. ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ನಿಷೇಧಿಸುವ ಕಾಯ್ದೆ ಆದದ್ದು 1982ರಲ್ಲಿ. ಅದಕ್ಕೆ ಮುಂಚೆ ಎಷ್ಟು ತಲೆಮಾರು, ಈ ತಾಲ್ಲೂಕುಗಳ ದಲಿತ ಕೇರಿಗಳಲ್ಲಿ, “ದೇವಿ ಇಚ್ಛೆ” ಎಂಬ ಎರಡು ಮಾತಿನಲ್ಲಿ ಹೆಣ್ಣುಮಕ್ಕಳ ಬದುಕು ಮುಗಿಸಿದರು! ದೇವಿಯ ಇಚ್ಛೆ ನಿಮಗೆ ಹೇಗೆ ತಿಳಿಯಿತು ಗೌಡರೇ, ಅದು ನಿಮ್ಮ ವಾಡೆಯ ಹೆಣ್ಣುಮಗುವಿನ ಮೇಲೆ ಯಾಕೆ ಬೀಳಲಿಲ್ಲ ಎಂದು ಯಾರಾದರೂ ಬಾಯಿ ತೆರೆದರೆ, ಸದ್ದಲೇ! ಗೊರವಯ್ಯನ “ಸದ್ದಲೇ” ಒಂದು ಗಳಿಗೆಯದು. ಇವರದು ಜನ್ಮಾಂತರದ್ದು.

ಸರ್ಕಾರವೂ ಕಡಿಮೆಯಿಲ್ಲ. ಪದವಿ ನಾಲ್ಕು ವರ್ಷವೋ ಮೂರು ವರ್ಷವೋ ಎಂದು 2021ರಿಂದ 2024ರವರೆಗೆ ಜಗ್ಗಾಡಿತು. ಪಾತ್ರೆ ಅಳೆದದ್ದೇ ಅಳೆದದ್ದು, ಒಳಗೆ ಅಂಬಲಿ ಇದೆಯೋ ಇಲ್ಲವೋ ಕೇಳಲಿಲ್ಲ.

ಆ ಹುಡುಗಿಗೆ ಕೊನೆಗೆ ಎಚ್.ಇ.ಪಿ. (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಕೊಡಿಸಿದರಂತೆ. ಮೊನ್ನೆ ಅವಳ ಸೋದರಮಾವ ಸಿಕ್ಕಿದ್ದ. “ಅದನ್ನ ಓದಿದ್ರ ಏನು ಕೆಲಸ ಸಿಗತೈತಿ?” ಎಂದು ಕೇಳಿದೆ.

“ನೋಡೂಣು ತಗೋರಿ” ಅಂದ.