ಅನ್ನದ ಅಕ್ಕರೆ ಆಡಿಗೆ ಬೇಡ

ಬಕ್ರೀದ್‌ಗೆ ವಾರವಿರುವಾಗ ಆಡು ಮನೆಗೆ ಬರುತ್ತದೆ. ಮಕ್ಕಳಿಗೆ ಸಂಭ್ರಮ. ಒಬ್ಬ ಅನ್ನ ತಂದಿಡುತ್ತಾನೆ, ಇನ್ನೊಬ್ಬಳು ಚಪಾತಿ. ಮೈ ತುಂಬಿಕೊಳ್ಳಲಿ ಎಂದು ಹಿರಿಯರೂ ಬೋಗುಣಿ ತುಂಬ ಗೋಧಿ ಸುರಿಯುತ್ತಾರೆ. ಮರುದಿನ ಆಡು ಮೆಲುಕು ಹಾಕುವುದಿಲ್ಲ, ಹಲ್ಲು ಕಡಿಯುತ್ತದೆ, ನೀರಿನಂತೆ ಭೇದಿ. ಯಾರದೋ ಕಣ್ಣು ಬಿತ್ತು ಎನ್ನುತ್ತೇವೆ. ತಪ್ಪು ನಮ್ಮ ಬೋಗುಣಿಯದು.

ಆಡಿನ ಹೊಟ್ಟೆಯ ಮೊದಲ ಚೀಲದಲ್ಲಿ ಸೊಪ್ಪು, ಹುಲ್ಲನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿವೆ. ಅಲ್ಲಿನ ಪಿಎಚ್ ಸಾಮಾನ್ಯವಾಗಿ 6ರಿಂದ 7. ಅಭ್ಯಾಸವಿಲ್ಲದ ಧಾನ್ಯ ಒಮ್ಮೆಲೇ ಹೊಟ್ಟೆ ಸೇರಿದರೆ ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ಅದು 5ಕ್ಕಿಂತ ಕೆಳಗಿಳಿಯಬಹುದು. ಆಮ್ಲ ರಕ್ತಕ್ಕೂ ಸೇರಿ, ಒಂದೆರಡು ದಿನದಲ್ಲಿ ಆಡು ಸಾಯಲೂಬಹುದು.

ಆದ್ದರಿಂದ ಖರೀದಿಸುವಾಗ ಬೆಲೆಯ ಜೊತೆ, "ಏನು ತಿನ್ನಿಸುತ್ತಿದ್ದಿರಿ?" ಎಂದೂ ಕೇಳಿ. ಅದನ್ನೇ ಮುಂದುವರಿಸಿ. ಮೇವು ಬದಲಿಸಲು ಎರಡು ವಾರವಾದರೂ ಬೇಕು; ನಮ್ಮಲ್ಲಿ ಅಷ್ಟು ದಿನಗಳಿರುವುದಿಲ್ಲ. ಆಡಿನ ಕೆಳರೆಪ್ಪೆ ಬಿಡಿಸಿ ನೋಡಿ: ಒಳಗೆ ಬಿಳಿಚಿದ್ದರೆ ರಕ್ತ ಹೀರುವ ಜಂತುಗಳಿರಬಹುದು.

ಪಶುವೈದ್ಯರು ಹಿಕ್ಕೆ, ರಕ್ತ ಪರೀಕ್ಷೆ ಮಾಡಿಸಿ ಎಂದರೆ, "ಕೊಯ್ಯುವ ಆಡಿಗೆ ಇದೆಲ್ಲ ಏಕೆ?" ಎನ್ನಬೇಡಿ. ಕಾಯಿಲೆ ಎದ್ದು ಕಾಣುವ ಪ್ರಾಣಿ ಕುರ್ಬಾನಿಗೆ ಸಲ್ಲದು. ಔಷಧ ಕೊಟ್ಟರೆ ಎಷ್ಟು ದಿನ ಮಾಂಸ ತಿನ್ನಬಾರದು ಎಂಬುದನ್ನೂ ಅವರಲ್ಲೇ ಕೇಳಿಕೊಳ್ಳಿ. ವೈದ್ಯರು ಹತ್ತಿರದಲ್ಲಿಲ್ಲವೇ? 1962ಕ್ಕೆ ಕರೆ ಮಾಡಿ.

ಅಂಗಳದಲ್ಲಿರುವಷ್ಟು ದಿನ ಆ ಮೂಕಪ್ರಾಣಿ ನಮ್ಮ ಅಮಾನತ್. ಮಕ್ಕಳ ಕೈಗೆ ಅನ್ನದ ಬದಲು ಹಲಸಿನ ಸೊಪ್ಪು ಕೊಡಿ. ಅವರ ಅಕ್ಕರೆಗೂ ಕೊರತೆಯಾಗದು, ಆಡಿನ ಹೊಟ್ಟೆಗೂ ಹಿತ.