ವಿಮಾನ ಹಾರಲಿ, ನೆಲದ ಹೊಗೆ ನಿಲ್ಲಲಿ!

ದೇವನಹಳ್ಳಿ, ಚಿಕ್ಕಜಾಲ, ಯಲಹಂಕ, ಹೆಬ್ಬಾಳದ ನಾಗರಿಕ ಬಂಧುಗಳೇ,

ಕೆಂಪೇಗೌಡ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಯಿತು. 2019ರಲ್ಲಿ ಎರಡನೇ ರನ್‌ವೇ, 2022ರಲ್ಲಿ ಎರಡನೇ ಟರ್ಮಿನಲ್ ಬಂತು. ಈಗ ವರ್ಷಕ್ಕೆ 4 ಕೋಟಿಗೂ ಹೆಚ್ಚು ಜನ ಇಲ್ಲಿಂದ ಹೋಗಿಬರುತ್ತಾರೆ. ದ್ರಾಕ್ಷಿ, ಚಕ್ಕೋತ ಬೆಳೆಯುವ ಸೀಮೆಗೆ ಕೆಲಸ ಬಂತು, ರಸ್ತೆ ಬಂತು. ಬೇಡ ಅನ್ನುವವರು ನಾವಲ್ಲ. ಆದರೆ ಜೊತೆಗೆ ಹೊಗೆಯೂ ಬಂತು. ಅದರಲ್ಲಿ ಒಂದು ಪಾಲನ್ನು ಇವತ್ತಿನಿಂದಲೇ ನಿಲ್ಲಿಸಬಹುದು. ಅದನ್ನು ಹೇಳುವುದಕ್ಕೇ ಈ ಕರಪತ್ರ.

ಮೇಲೆ ಹಾರುವ ವಿಮಾನದ ಹೊಗೆ ಬೇಗ ನಿಲ್ಲುವಂಥದ್ದಲ್ಲ. ಅಂತರರಾಷ್ಟ್ರೀಯ ವಿಮಾನಗಳ ಇಂಧನಕ್ಕೆ 2027ರಲ್ಲಿ ಶೇ 1, 2030ರಲ್ಲಿ ಶೇ 5ರಷ್ಟು ಹಸಿರು ಇಂಧನ ಬೆರೆಸಬೇಕೆಂಬುದು ನಮ್ಮ ದೇಶದ ಗುರಿ. ಅಂದರೆ ಆಗಲೂ ಉಳಿದ 95 ಪಾಲು ಹಳೆಯ ಇಂಧನವೇ. ಆಕಾಶದ ಹೊಗೆಗೆ ಮದ್ದು ಇನ್ನೂ ಅರೆಯುತ್ತಿದ್ದಾರೆ. ನೆಲದ ಹೊಗೆಗೆ ಮದ್ದು ಸಿದ್ಧವಾಗಿ ಕೂತಿದೆ.

ನೆಲದ ಹೊಗೆ ಅಂದರೆ ಯಾವುದು?

ನಿಂತ ವಿಮಾನದ್ದು: ವಿಮಾನದ ಬಾಲದ ತುದಿಯಲ್ಲಿ ಎಪಿಯು ಎಂಬ ಪುಟ್ಟ ಎಂಜಿನ್ ಇರುತ್ತದೆ. ವಿಮಾನ ನಿಂತಿರುವಾಗ ನೆಲದಿಂದ ಕರೆಂಟು ಸಿಗದಿದ್ದರೆ ದೀಪಕ್ಕೆ, ಎಸಿಗೆ ಅದೇ ಆಸರೆ. ಏರ್‌ಬಸ್ ಎ320 ಗಾತ್ರದ ವಿಮಾನದಲ್ಲಿ ಇದು ಗಂಟೆಗೆ ಸುಮಾರು 100 ಕೆ.ಜಿ. ಇಂಧನ ಕುಡಿಯುತ್ತದೆ. ಒಂದು ಕೆ.ಜಿ. ವಿಮಾನ ಇಂಧನ ಉರಿದರೆ 3.16 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಇಂಧನದ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಕೂಡಿಕೊಂಡು ತೂಕ ಏರುತ್ತದೆ. ನಿಂತಲ್ಲೇ ಗಂಟೆಗೆ 300 ಕೆ.ಜಿ.ಗೂ ಹೆಚ್ಚು!

ಉರುಳುವ ವಿಮಾನದ್ದು: ಇದೇ ಗಾತ್ರದ ವಿಮಾನ ಎರಡೂ ಎಂಜಿನ್ ಓಡಿಸುತ್ತ ರನ್‌ವೇ ಕಡೆಗೆ ಉರುಳುವಾಗ ನಿಮಿಷಕ್ಕೆ ಸುಮಾರು 10 ಕೆ.ಜಿ. ಇಂಧನ ಉರಿಸುತ್ತದೆ. ಸರದಿಯಲ್ಲಿ 15 ನಿಮಿಷ ಕಳೆದರೆ ಚಕ್ರ ನೆಲ ಬಿಡುವ ಮೊದಲೇ 150 ಕೆ.ಜಿ. ಮುಗಿದಿರುತ್ತದೆ.

ದುಡಿಯುವ ಗಾಡಿಗಳದ್ದು: ಲಗೇಜ್ ಎಳೆಯುವ ಟ್ರ್ಯಾಕ್ಟರ್, ವಿಮಾನವನ್ನು ಹಿಂದಕ್ಕೆ ತಳ್ಳುವ ಟಗ್, ಊಟ ಏರಿಸುವ ಲಾರಿ, ಪ್ರಯಾಣಿಕರನ್ನು ಒಯ್ಯುವ ಬಸ್ಸು. ಇವುಗಳಲ್ಲಿ ಡೀಸೆಲ್ ಕುಡಿಯುವ ಒಂದೊಂದೂ ಲೀಟರಿಗೆ ಸುಮಾರು 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ.

ಬಂದುಹೋಗುವ ಕಾರುಗಳದ್ದು: ಎಂ.ಜಿ. ರಸ್ತೆಯಿಂದ ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ಕ್ಯಾಬ್ ಹೋಗಿ ಬಂದರೆ 70. ಲೀಟರಿಗೆ 14 ಕಿ.ಮೀ. ಹಿಡಿದರೆ 5 ಲೀಟರ್ ಪೆಟ್ರೋಲ್, 11 ಕೆ.ಜಿ.ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್. ಬಹಳ ಸಲ ಒಳಗೆ ಕೂತಿರುವವರು ಒಬ್ಬರೇ! ಹೆಬ್ಬಾಳದಲ್ಲಿ ಸಿಕ್ಕಿಕೊಂಡರಂತೂ ಲೆಕ್ಕವೇ ಬೇರೆ.

"ವಿಮಾನ ಹತ್ತುವವರ ಚಿಂತೆ ನಮಗ್ಯಾಕೆ?" ಅನ್ನಬೇಡಿ. ಕಾರ್ಬನ್ ಡೈಆಕ್ಸೈಡ್ ಭೂಮಿಯನ್ನೇ ಕಾಯಿಸುತ್ತದೆ ನಿಜ. ಆದರೆ ಅದೇ ಹೊಗೆಯಲ್ಲಿ ಬರುವ ಸಣ್ಣ ಮಸಿ ಕಣ, ನೈಟ್ರೋಜನ್ ಆಕ್ಸೈಡುಗಳು ಮೊದಲು ಸೇರುವುದು ಹತ್ತಿರ ಇರುವವರ ಎದೆಗೆ. ವಿಮಾನದ ಹೊಟ್ಟೆಗೆ ಲಗೇಜ್ ತುಂಬುವ ಹುಡುಗ, ಪಾರ್ಕಿಂಗ್‌ನಲ್ಲಿ ಕಾದು ಕೂತ ಚಾಲಕ, ಬಳ್ಳಾರಿ ರಸ್ತೆ ಬದಿಯಲ್ಲಿ ಹಣ್ಣು ಮಾರುವ ತಾಯಿ ಟಿಕೆಟ್ ಕೊಳ್ಳದೆಯೇ ಈ ಹೊಗೆಯ ಪಾಲುದಾರರು.

ನಮ್ಮ ಹಕ್ಕೊತ್ತಾಯಗಳು

1. ವಿಮಾನ ನಿಲ್ಲುವ ಪ್ರತಿ ಜಾಗದಲ್ಲೂ ನೆಲದಿಂದಲೇ ಕರೆಂಟು, ತಂಪು ಗಾಳಿ ಸಿಗಲಿ. ಅದನ್ನು ಜೋಡಿಸಿದ ಕೂಡಲೇ ಎಪಿಯು ಆರಿಸುವ ನಿಯಮ ಕಡ್ಡಾಯವಾಗಲಿ.

2. ಪೈಲಟ್ ಸುರಕ್ಷಿತ ಎಂದು ಕಂಡಾಗಲೆಲ್ಲ ವಿಮಾನ ಒಂದೇ ಎಂಜಿನ್ನಿನಲ್ಲಿ ಉರುಳಲಿ. ಎಂಜಿನ್ ಆರಿಸಿಯೇ ಎಳೆದೊಯ್ಯುವ ಗಾಡಿಯೂ ಇದೆ. 2019ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಪ್ರಯಾಣಿಕರಿದ್ದ ಏರ್ ಇಂಡಿಯಾ ಎ320 ವಿಮಾನವನ್ನು ಟ್ಯಾಕ್ಸಿಬಾಟ್ ಎಂಬ ಇಂಥ ಗಾಡಿ ರನ್‌ವೇ ಕಡೆಗೆ ಎಳೆದೊಯ್ದಿತು. ಅಲ್ಲಿ ಆದದ್ದು ಎಲ್ಲ ದೊಡ್ಡ ನಿಲ್ದಾಣಗಳಲ್ಲೂ ರೂಢಿಯಾಗಲಿ.

3. ಒಳಗೆ ಓಡುವ ಡೀಸೆಲ್ ಗಾಡಿಗಳು ಯಾವ ವರ್ಷಕ್ಕೆ ಎಷ್ಟು ವಿದ್ಯುತ್ ಗಾಡಿಗಳಾಗುತ್ತವೆ ಎಂಬ ಪಟ್ಟಿ ಹೊರಬರಲಿ. ಹಳೆಯ ಗಾಡಿ ಓಡಿಸುತ್ತಿದ್ದವರಿಗೇ ಹೊಸದರ ತರಬೇತಿ ಕೊಡಲಿ. ಹೊಗೆ ಹೋಗಲಿ, ಯಾರ ಅನ್ನವೂ ಹೋಗದಿರಲಿ.

4. ನಿಲ್ದಾಣಕ್ಕೆ ಬಂದುಹೋಗುವ ವಾಯು ವಜ್ರ ಬಸ್ಸುಗಳು ವಿದ್ಯುತ್ತಿನಲ್ಲಿ ಓಡಲಿ, ನೌಕರರಿಗೆ ಅಗ್ಗದ ಪಾಸ್ ಸಿಗಲಿ. ನಿಲ್ದಾಣದ ರೈಲು ಹಾಲ್ಟ್ 2021ರಲ್ಲೇ ಶುರುವಾಗಿದೆ. ಕೆಲಸದ ಪಾಳಿಗೆ ಹೊಂದುವ ಹೆಚ್ಚು ರೈಲುಗಳು ಅಲ್ಲಿ ನಿಲ್ಲಲಿ. ಹೆಬ್ಬಾಳದ ಮೇಲೆ ಬರುವ ಮೆಟ್ರೊ ಕಾಮಗಾರಿ ಇನ್ನಷ್ಟು ಎಳೆಯದಿರಲಿ.

5. ನೆಲದ ಮೇಲೆ ಸುಟ್ಟ ಡೀಸೆಲ್ ಎಷ್ಟು, ಎಪಿಯು ಓಡಿದ ಗಂಟೆ ಎಷ್ಟು ಎಂಬ ಲೆಕ್ಕ ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟವಾಗಲಿ.

"ಕರೆಂಟೂ ಕಲ್ಲಿದ್ದಲಿನಿಂದಲೇ ಬರುತ್ತಲ್ಲ?" ಎಂದು ಕೇಳುವವರಿದ್ದಾರೆ. ಒಂದಿಷ್ಟು ಹೌದು. ಆದರೆ ಡೀಸೆಲ್ ಎಂದಿಗೂ ಡೀಸೆಲ್ಲೇ. ಕರೆಂಟಿನ ಮೂಲ ಬದಲಾಗುತ್ತದೆ. ಕೊಚ್ಚಿ ವಿಮಾನ ನಿಲ್ದಾಣ 2015ರಲ್ಲೇ 12 ಮೆಗಾವ್ಯಾಟ್ ಸೌರ ಘಟಕ ಹಾಕಿ ಪೂರ್ತಿ ಸೌರಶಕ್ತಿಯಿಂದ ನಡೆಯುವ ನಿಲ್ದಾಣವಾಯಿತು. ನಮ್ಮ ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಬಿಸಿಲಿಗೆ ನಮ್ಮಲ್ಲೇನು ಬರವೇ?

ನಾವು ಇವತ್ತೇ ಮಾಡಬೇಕಾದ್ದು

ಪ್ರಯಾಣಿಕರೇ: ಲಗೇಜ್ ಕಡಿಮೆ ಇದ್ದರೆ ಬಸ್ಸು, ರೈಲು ಹಿಡಿಯಿರಿ. ಕ್ಯಾಬ್ ಬೇಕೇ ಬೇಕಾದರೆ ಹಂಚಿಕೊಳ್ಳಿ.

ಚಾಲಕ ಅಣ್ಣಂದಿರೇ: ಕಾಯುವಾಗ ಎಂಜಿನ್ ಆರಿಸಿ. ಉಳಿಯುವುದು ನಿಮ್ಮ ಜೇಬಿನ ದುಡ್ಡೇ. ನೆರಳಿರುವ ಕಾಯುವ ಜಾಗ, ಚಾರ್ಜಿಂಗ್ ಕೇಂದ್ರ ಕೇಳುವುದು ನಿಮ್ಮ ಹಕ್ಕು, ನಾವೂ ದನಿಗೂಡಿಸುತ್ತೇವೆ.

ನಿಲ್ದಾಣದ ನೌಕರರೇ: ಕೆಟ್ಟು ನಿಂತ ಚಾರ್ಜರ್, ಬಳಸದೆ ಬಿದ್ದ ಕರೆಂಟ್ ಕೇಬಲ್ ಕಂಡರೆ ಮೇಲಿನವರಿಗೆ ಬರೆದು ಕೊಡಿ.

ಊರಿನವರೇ: ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಈ ಐದು ಹಕ್ಕೊತ್ತಾಯ ಓದಿಸಿ ಠರಾವು ಮಾಡಿಸಿ. ಠರಾವಿನ ಪ್ರತಿ ನಿಮ್ಮ ಶಾಸಕರಿಗೆ, ಸಂಸದರಿಗೆ, ನಿಲ್ದಾಣದ ಆಡಳಿತಕ್ಕೆ ತಲುಪಲಿ.

ಈ ಹಾಳೆಯನ್ನು ಓದಿ ಬಿಸಾಡಬೇಡಿ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಕೈಗೆ ಕೊಡಿ.

ನಿಂತ ವಿಮಾನಕ್ಕೆ ನೆಲದ ಕರೆಂಟು!
ನಿಂತ ಕಾರಿನ ಎಂಜಿನ್ ಬಂದ್!
ಸುಟ್ಟ ಡೀಸೆಲ್ಲಿನ ಲೆಕ್ಕ ಕೊಡಿ, ಕನ್ನಡದಲ್ಲೇ ಕೊಡಿ!

ಇಂತಿ,
ವಿಮಾನ ನಿಲ್ದಾಣದ ಸುತ್ತಲಿನ ನಿವಾಸಿಗಳು, ಚಾಲಕರು ಮತ್ತು ಕೆಲಸಗಾರರು